ಮೊದಲು ನಿಯಮ, ಆಮೇಲೆ ಹೆಸರು: ಅಮೆರಿಕದ ಇಬ್ಬಗೆ ನೀತಿ ಇಟ್ಟುಕೊಂಡು ಚರ್ಚೆ ಕಲಿಸುವ ಕ್ರಮ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಕಲಿಸುವವರಿಗೆ, ಚರ್ಚಾ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವವರಿಗೆ, ಊರ ಗ್ರಂಥಾಲಯದಲ್ಲಿ ಓದುಬಳಗ ನಡೆಸುವವರಿಗೆ ಈ ಕೈಪಿಡಿ. ಇದರಲ್ಲಿರುವುದು ಎರಡು ಗಂಟೆಯ ಒಂದು ಅಭ್ಯಾಸ: ಒಂದೇ ನಿಯಮವನ್ನು ತಮ್ಮವರಿಗೊಂದು ಥರ, ಎದುರಿನವರಿಗೊಂದು ಥರ ಹಚ್ಚುವ ಇಬ್ಬಗೆ ನೀತಿಯನ್ನು ಅಮೆರಿಕದ ಪಕ್ಷಗಳ ಉದಾಹರಣೆ ಇಟ್ಟುಕೊಂಡು ಗುರುತಿಸುವುದು. 16ರಿಂದ 20 ಜನ ಇದ್ದರೆ ಚೆನ್ನ. 12ಕ್ಕಿಂತ ಕಡಿಮೆಯಾದರೆ ಭಿನ್ನಾಭಿಪ್ರಾಯ ಹುಟ್ಟುವುದು ಕಷ್ಟ, 25 ದಾಟಿದರೆ ಹಿಂದಿನ ಬೆಂಚಿನವರು ಬರೀ ಪ್ರೇಕ್ಷಕರಾಗುತ್ತಾರೆ.

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಯಾವ ಚಹಾದಂಗಡಿಯಲ್ಲಾದರೂ ರಾಜಕೀಯದ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ನಿಮ್ಮೋರು ಮಾಡಿಲ್ಲೇನು?" ಅದಕ್ಕೆ ನಿಜವಾದ ಉತ್ತರ ಬಹಳ ಸಲ "ಹೌದು, ಮಾಡ್ಯಾರ" ಎಂದೇ ಇರುತ್ತದೆ. ಅಲ್ಲಿಗೆ ಮಾತು ಮುಗಿಯುತ್ತದೆ. ಮಾಡಿದ್ದು ಸರಿಯೋ ತಪ್ಪೋ ಎಂಬ ಮೂಲ ವಿಷಯ ಹಾಗೇ ಉಳಿಯುತ್ತದೆ. ಆ ಪ್ರಶ್ನೆಯಾಚೆ ಒಂದು ಹೆಜ್ಜೆ ಇಡುವುದನ್ನು ಕಲಿಸುವುದು ಈ ಅಭ್ಯಾಸದ ಗುರಿ.

ಅಮೆರಿಕವೇ ಯಾಕೆ

ನಮ್ಮ ತಾಲೂಕಿನ ವಿಷಯ ಎತ್ತಿದ ಕೂಡಲೇ ಕೋಣೆಯಲ್ಲಿ ಅರ್ಧ ಜನ ಯಾರದೋ ಪರ ಕೂತಾಗಿರುತ್ತದೆ. ಒಬ್ಬನ ಅಣ್ಣ ಬೂತ್ ಏಜೆಂಟ್, ಇನ್ನೊಬ್ಬಳ ಮಾವ ಪಂಚಾಯಿತಿ ಸದಸ್ಯ. ಅಂಥವರಿಂದ ಮೊದಲ ದಿನವೇ ನಿಷ್ಪಕ್ಷಪಾತ ಬೇಡುವುದು ಅನ್ಯಾಯ. ರಿಪಬ್ಲಿಕನ್, ಡೆಮಾಕ್ರಟ್ ಎಂದರೆ ನಮ್ಮ ಹುಡುಗರಿಗೆ ಅಷ್ಟು ರಕ್ತ ಬಿಸಿಯಾಗುವುದಿಲ್ಲ.

ಎರಡನೆಯದು ದಾಖಲೆ. ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಹೆಸರು ಕರೆದು ಮತ ಪಡೆದಾಗಲೆಲ್ಲ ಯಾರು ಯಾವ ಕಡೆ ಹಾಕಿದರು ಎಂಬ ಪಟ್ಟಿ ಅದರ ಜಾಲತಾಣದಲ್ಲೇ ಇದೆ. ಸದನದ ಮಾತುಗಳು ಕಾಂಗ್ರೆಷನಲ್ ರೆಕಾರ್ಡ್‌ನಲ್ಲಿ ಸಿಗುತ್ತವೆ. ಸಿ-ಸ್ಪ್ಯಾನ್ ವಾಹಿನಿ ಕೆಳಮನೆಯ ಕಲಾಪವನ್ನು 1979ರಿಂದ, ಸೆನೆಟ್ ಕಲಾಪವನ್ನು 1986ರಿಂದ ತೋರಿಸುತ್ತಿದೆ. ಎರಡೇ ದೊಡ್ಡ ಪಕ್ಷ, ಅಧಿಕಾರ ಆಗಾಗ ಕೈ ಬದಲಾಗುತ್ತದೆ. ಹೀಗಾಗಿ ಒಂದೇ ಪ್ರಶ್ನೆಗೆ ಎರಡೂ ಪಕ್ಷ ಕೆಲವೇ ವರ್ಷಗಳಲ್ಲಿ ಜಾಗ ಅದಲು ಬದಲು ಮಾಡಿಕೊಂಡ ಉದಾಹರಣೆಗಳು ಸಾಕಷ್ಟಿವೆ.

ಒಂದು ಎಚ್ಚರ. ವೀಸಾದ ವಿಷಯ ಮೊದಲ ದಿನ ಬೇಡ. ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂದು 2025ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾದಾಗ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಚಿಂತೆ ಶುರುವಾಯಿತು. ಮಗ ಡಲ್ಲಾಸ್‌ನಲ್ಲಿರುವವರು ಆ ವಿಷಯದಲ್ಲಿ ತೀರ್ಪುಗಾರರಾಗಲಾರರು, ಆಗಬೇಕೆಂದು ಒತ್ತಾಯಿಸಲೂಬಾರದು.

ಯಾವುದು ಇಬ್ಬಗೆ ನೀತಿ, ಯಾವುದು ಅಲ್ಲ

ಅಭ್ಯಾಸ ಕೆಡುವುದು ಹೆಚ್ಚಾಗಿ ಇಲ್ಲೇ. ಕಾಣುವ ವಿರೋಧಾಭಾಸಕ್ಕೆಲ್ಲ ಹುಡುಗರು ಒಂದೇ ಹಣೆಪಟ್ಟಿ ಹಚ್ಚುತ್ತಾರೆ. ನಾಲ್ಕು ಸಂಗತಿಗಳನ್ನು ಮೊದಲೇ ಬಿಡಿಸಿ ಹೇಳಬೇಕು.

ಮನಸ್ಸು ಬದಲಾಯಿಸುವುದು ಇಬ್ಬಗೆ ನೀತಿ ಅಲ್ಲ. ಒಬಾಮ ಸೆನೆಟರ್ ಆಗಿದ್ದಾಗ, 2006ರ ಮಾರ್ಚ್‌ನಲ್ಲಿ, ಸರ್ಕಾರದ ಸಾಲದ ಮಿತಿ ಏರಿಸುವುದರ ವಿರುದ್ಧ ಮತ ಹಾಕಿದ್ದರು. ತಾವೇ ಅಧ್ಯಕ್ಷರಾದ ಮೇಲೆ, 2011ರಲ್ಲಿ, ಮಿತಿ ಏರಿಸಿ ಎಂದು ಕೇಳಬೇಕಾಯಿತು. ಆಗ ಅವರು ಹಳೆಯ ಮತ ತಪ್ಪಾಗಿತ್ತು ಎಂದು ಬಾಯಿಬಿಟ್ಟು ಹೇಳಿದರು. ಹಾಗೆ ಹೇಳಿದ್ದರಿಂದ ಇದು ಬೇರೆ ಜಾತಿಯ ಪ್ರಕರಣವಾಗುತ್ತದೆ. ತಪ್ಪಿನ ಅರಿವು ಕುರ್ಚಿ ಬದಲಾದ ಮೇಲೇ ಆದದ್ದು ಯಾಕೆ ಎಂದು ಕೇಳುವ ಹಕ್ಕು ನಿಮ್ಮ ವಿದ್ಯಾರ್ಥಿಗೆ ಇದ್ದೇ ಇದೆ, ಕೇಳಲಿ. ಇನ್ನೊಂದು ಮಗ್ಗುಲೂ ಕಾರ್ಡಿನಲ್ಲಿರಲಿ. 2011ರಲ್ಲೂ 2023ರಲ್ಲೂ ಡೆಮಾಕ್ರಟ್ ಅಧ್ಯಕ್ಷರಿದ್ದಾಗ ಸಾಲದ ಮಿತಿ ಏರಿಸಬೇಕಾದರೆ ಖರ್ಚು ಕಡಿತ ಬೇಕೆಂದು ಪಟ್ಟು ಹಿಡಿದ ರಿಪಬ್ಲಿಕನ್ನರು, 2025ರಲ್ಲಿ ತಮ್ಮದೇ ಮಸೂದೆಯಲ್ಲಿ ಅದೇ ಮಿತಿಯನ್ನು 5 ಲಕ್ಷ ಕೋಟಿ ಡಾಲರ್‌ನಷ್ಟು ಏರಿಸಿದರು.

ಕೊಟ್ಟ ಮಾತು ಮುರಿಯುವುದೂ ಬೇರೆಯದೇ. ಮಗನಿಗೆ ಕ್ಷಮಾದಾನ ಕೊಡುವುದಿಲ್ಲ ಎಂದು ಹೇಳುತ್ತ ಬಂದಿದ್ದ ಬೈಡನ್ 2024ರ ಡಿಸೆಂಬರ್ 1ರಂದು ಕೊಟ್ಟರು. ಅದನ್ನು ವಚನಭಂಗದ ಲೆಕ್ಕಕ್ಕೆ ಹಾಕಿ. ಬೇರೆ ಅಧ್ಯಕ್ಷರ ಕ್ಷಮಾದಾನವನ್ನು ಯಾವ ಕಾರಣಕ್ಕೆ ಖಂಡಿಸಿದ್ದರೋ ಅದೇ ಕಾರಣ ಇಲ್ಲಿಯೂ ಇದ್ದು, ಅದೇ ಜನ ಸುಮ್ಮನಿದ್ದರೆ ಮಾತ್ರ ಇಬ್ಬಗೆ ನೀತಿ.

ಮೂರನೆಯದು, ಪಕ್ಷ ಎನ್ನುವುದು ಒಬ್ಬ ಮನುಷ್ಯ ಅಲ್ಲ. "ಡೆಮಾಕ್ರಟರು ಅಂದು ಹೀಗೆಂದರು, ಇಂದು ಹೀಗೆನ್ನುತ್ತಾರೆ" ಎನ್ನುವಾಗ ಅಂದು ಅಂದವರು ಬೇರೆ, ಇಂದು ಅನ್ನುವವರು ಬೇರೆ ಇರಬಹುದು. ಆರೋಪ ನಿಲ್ಲಬೇಕಾದರೆ ಒಬ್ಬನೇ ವ್ಯಕ್ತಿ ಬೇಕು, ಇಲ್ಲವೇ ಪಕ್ಷದ ಅಧಿಕೃತ ನಿಲುವು ಅಥವಾ ಮತಪಟ್ಟಿ ಬೇಕು.

ನಾಲ್ಕನೆಯದು ನಿಜವಾದ ವ್ಯತ್ಯಾಸ. ಎರಡು ಪ್ರಕರಣ ಒಂದೇ ಥರ ಕಂಡರೂ ಒಳಗೆ ಬೇರೆ ಇರುತ್ತವೆ. ಇದಕ್ಕೆ ಮುಂದೆ ಪ್ರತ್ಯೇಕ ಕಾರ್ಡ್ ಇದೆ.

ಇವೆಲ್ಲ ಕಳೆದ ಮೇಲೆ ಉಳಿಯುವುದೇ ನಮ್ಮ ಸರಕು: ಅದೇ ಜನ, ಅದೇ ನಿಯಮ, ತಿರುಗಾಮುರುಗಾ ತೀರ್ಮಾನ, ನಡುವೆ ಒಪ್ಪುವಂಥ ಕಾರಣ ಇಲ್ಲ. ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಕೊಳ್ಳಲು ಒಂದು ಕಲ್ಲು, ಮಾರಲು ಇನ್ನೊಂದು ಕಲ್ಲು ಇಟ್ಟ ವ್ಯಾಪಾರಿಯನ್ನು ರೈತ ಹಿಡಿಯುವುದು ಎರಡೂ ಕಲ್ಲನ್ನು ಒಂದೇ ತಕ್ಕಡಿಗೆ ಹಾಕಿದಾಗ. ಇಲ್ಲಿ ಮಾಡುವುದೂ ಅದನ್ನೇ.

ಬೇಕಾಗುವ ಸಾಮಾನು

ಅಂಚೆ ಕಾರ್ಡಿನ ಅಳತೆಯ ದಪ್ಪ ಕಾಗದದ ಕಾರ್ಡುಗಳು, ಒಂದು ಪ್ರಕರಣಕ್ಕೆ ಮೂರರಂತೆ. ಪ್ರತಿಯೊಬ್ಬರಿಗೂ ಒಂದು ಎ4 ಹಾಳೆ, ಒಂದು ಬಾಲ್ ಪೆನ್ನು. ಪೆನ್ಸಿಲ್ ಕೊಡಬೇಡಿ, ಬರೆದ ನಿಯಮವನ್ನು ಆಮೇಲೆ ಅಳಿಸಿ ತಿದ್ದುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ಕಪ್ಪು ಹಲಗೆ, ಗೋಡೆ ಗಡಿಯಾರ, ಒಂದು ದೊಡ್ಡ ಲಕೋಟೆ. ಮೊಬೈಲ್ ಒಬ್ಬರ ಕೈಯಲ್ಲಿ ಮಾತ್ರ ಇರಲಿ. ಅವರ ಕೆಲಸ ದಿನಾಂಕ ನೋಡುವುದು. ಯಾರಾದರೂ "ಅವನು ಹಿಂಗಂದಿದ್ದ" ಎಂದಾಗ ಯಾವತ್ತು, ಎಲ್ಲಿ, ಪೂರ್ತಿ ವಾಕ್ಯ ಏನು ಎಂದು ಹುಡುಕಿ ಓದುವುದು. ಈ ಕೆಲಸಕ್ಕೆ ಮಾತು ಕಡಿಮೆ ಆಡುವ, ಇಂಗ್ಲಿಷ್ ಸರಾಗವಾಗಿ ಓದುವ ವಿದ್ಯಾರ್ಥಿಯನ್ನು ಆರಿಸಿ.

ಮೂರು ಕಾರ್ಡು ಹೀಗಿರಬೇಕು. ಮೊದಲನೆಯದರಲ್ಲಿ ಹೆಸರು, ಪಕ್ಷ, ಇಸವಿ ಏನೂ ಇಲ್ಲದ ಪ್ರಶ್ನೆ. ಎರಡನೆಯದರಲ್ಲಿ ಒಂದು ಘಟನೆ, ಮೂರನೆಯದರಲ್ಲಿ ಇನ್ನೊಂದು ಘಟನೆ. ಈ ಎರಡರಲ್ಲೂ ಪಕ್ಷಗಳಿಗೆ ಕ, ಖ ಎಂದಷ್ಟೇ ಹೆಸರು, ಹಿಂಬದಿಯಲ್ಲಿ ನಿಜವಾದ ಹೆಸರು. ಪ್ರಶ್ನೆಯ ಕಾರ್ಡಿನಲ್ಲಿ "ದೌರ್ಜನ್ಯ", "ನಾಚಿಕೆಗೇಡು", "ದಿಟ್ಟ ಕ್ರಮ" ಇಂಥ ಪದ ನುಸುಳಿದರೆ ಅಲ್ಲೇ ಉತ್ತರ ಹೇಳಿಕೊಟ್ಟಂತೆ. ಬರೆದ ಮೇಲೆ ಆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಯಾವ ಪಕ್ಷವನ್ನು ಬೈಯಲು ಬರೆದದ್ದು ಎಂದು ಅವರು ಊಹಿಸಿಬಿಟ್ಟರೆ ಮತ್ತೆ ಬರೆಯಿರಿ.

ಮೊದಲ ಪ್ರಕರಣ: ಖಾಲಿಯಾದ ನ್ಯಾಯಾಧೀಶರ ಸ್ಥಾನ

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಪ್ರಕರಣ ಇದು, ಆದ್ದರಿಂದ ಇದಕ್ಕೇ ಹೆಚ್ಚು ಹೊತ್ತು ಕೊಡಿ. ಶುರುವಿಗೆ ಎರಡೇ ಮಾತಿನ ಹಿನ್ನೆಲೆ ಸಾಕು: ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 9 ನ್ಯಾಯಾಧೀಶರು, ಅವರಿಗೆ ನಿವೃತ್ತಿ ವಯಸ್ಸಿಲ್ಲ. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, 100 ಸದಸ್ಯರ ಸೆನೆಟ್ ಒಪ್ಪಬೇಕು.

ಪ್ರಶ್ನೆಯ ಕಾರ್ಡು: "ಅಧ್ಯಕ್ಷರ ಚುನಾವಣೆ ಹತ್ತಿರವಿದೆ. ಸುಪ್ರೀಂ ಕೋರ್ಟಿನಲ್ಲಿ ಒಂದು ಸ್ಥಾನ ಖಾಲಿಯಾಯಿತು. ಹಾಲಿ ಅಧ್ಯಕ್ಷರು ತುಂಬಬಹುದೇ, ಮುಂದಿನವರಿಗೆ ಬಿಡಬೇಕೇ? ಚುನಾವಣೆಗೆ ಎಷ್ಟು ದಿನ ಉಳಿದಿದ್ದರೆ ತುಂಬಬಹುದು? ದಿನದ ಲೆಕ್ಕದಲ್ಲಿ ಬರೆಯಿರಿ. ಬೇರೆ ಷರತ್ತು ಇದ್ದರೆ ಅದನ್ನೂ ಈಗಲೇ ಬರೆಯಿರಿ." ಹತ್ತು ನಿಮಿಷ ಕೊಡಿ. ಯಾರೂ ಮಾತಾಡಬಾರದು. ಬರೆದ ಹಾಳೆಗೆ ಸಹಿ, ವೇಳೆ ಹಾಕಿಸಿ ಮಡಚಿಸಿ.

ಈಗ ಎರಡು ಘಟನೆ ತೆರೆಯಿರಿ. 2016ರ ಫೆಬ್ರವರಿ 13ರಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರಿಕೊಂಡರು. ನವೆಂಬರ್ 8ರ ಚುನಾವಣೆಗೆ 269 ದಿನ ಇತ್ತು. ಡೆಮಾಕ್ರಟ್ ಅಧ್ಯಕ್ಷ ಒಬಾಮ ಮಾರ್ಚ್ 16ರಂದು ಮೆರಿಕ್ ಗಾರ್ಲಂಡ್ ಹೆಸರು ಸೂಚಿಸಿದರು. ರಿಪಬ್ಲಿಕನ್ ಬಹುಮತದ ಸೆನೆಟ್, ಮಿಚ್ ಮೆಕಾನಲ್ ನಾಯಕತ್ವದಲ್ಲಿ, ಸಮಿತಿಯ ವಿಚಾರಣೆಯನ್ನೂ ನಡೆಸಲಿಲ್ಲ. ಜನರ ತೀರ್ಪು ಬರಲಿ ಎಂಬುದು ಅವರ ವಾದ. 2020ರ ಸೆಪ್ಟೆಂಬರ್ 18ರಂದು ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು. ನವೆಂಬರ್ 3ರ ಚುನಾವಣೆಗೆ 46 ದಿನ. ರಿಪಬ್ಲಿಕನ್ ಅಧ್ಯಕ್ಷ ಟ್ರಂಪ್ ಸೂಚಿಸಿದ ಏಮಿ ಕೋನಿ ಬ್ಯಾರೆಟ್ ಅವರನ್ನು ಅದೇ ಮೆಕಾನಲ್ ನಾಯಕತ್ವದ ಸೆನೆಟ್ ಅಕ್ಟೋಬರ್ 26ರಂದು, ಚುನಾವಣೆಗೆ 8 ದಿನ ಇರುವಾಗ, 52-48ರಿಂದ ಒಪ್ಪಿತು.

ಹಲಗೆಯ ಮೇಲೆ 269 ಮತ್ತು 46 ಎರಡೇ ಸಂಖ್ಯೆ ಬರೆದು ಹುಡುಗರಿಗೆ ತಮ್ಮ ಹಾಳೆ ಬಿಚ್ಚಲು ಹೇಳಿ. ಯಾರು ಯಾವ ದಿನದ ಮಿತಿ ಬರೆದಿದ್ದರೂ 269ನ್ನು ತಡೆದು 46ನ್ನು ಬಿಡುವ ಮಿತಿ ಸಿಗುವುದಿಲ್ಲ. ಗಣಿತವೇ ಬಿಡುವುದಿಲ್ಲ. ಅಂದರೆ ಬರೀ ಕ್ಯಾಲೆಂಡರ್ ಆಧಾರದ ಮೇಲೆ ರಿಪಬ್ಲಿಕನ್ನರ ಎರಡೂ ನಡೆಯನ್ನು ಒಟ್ಟಿಗೆ ಸಮರ್ಥಿಸಲು ಬರುವುದಿಲ್ಲ.

ಇಲ್ಲಿಗೇ ನಿಂತರೆ ಅರ್ಧ ಪಾಠ. ಅವರ ಸಮರ್ಥನೆಯನ್ನು ಅವರಷ್ಟೇ ಬಲವಾಗಿ ಹೇಳಲು ಒಬ್ಬ ವಿದ್ಯಾರ್ಥಿಯನ್ನು ಎಬ್ಬಿಸಿ. ಸಮರ್ಥನೆ ಇದು: 2016ರಲ್ಲಿ ಅಧ್ಯಕ್ಷರದ್ದು ಒಂದು ಪಕ್ಷ, ಸೆನೆಟ್ ಇನ್ನೊಂದು ಪಕ್ಷದ್ದು, 2020ರಲ್ಲಿ ಎರಡೂ ಒಂದೇ. ಈಗ ಈ ಕೈಪಿಡಿಯ ಅತಿ ಮುಖ್ಯವಾದ ಪ್ರಶ್ನೆ ಕೇಳಿ: ಈ ವ್ಯತ್ಯಾಸವನ್ನು ಯಾವಾಗ ಹೇಳಿದರು? ಮೊದಲೇ ಹೇಳಿದ್ದರೆ ಅದು ನಿಯಮದ ಭಾಗ, ಸಿಕ್ಕಿಬಿದ್ದ ಮೇಲೆ ಹೇಳಿದರೆ ಜಾರಿಕೊಳ್ಳುವ ದಾರಿ. ದಿನಾಂಕ ನೋಡುವವರು ಹುಡುಕಲಿ. ಮೆಕಾನಲ್ 2016ರಲ್ಲೇ, ಎದುರು ಪಕ್ಷದ ಸೆನೆಟ್ ಚುನಾವಣಾ ವರ್ಷದ ಖಾಲಿ ಸ್ಥಾನ ತುಂಬಿದ್ದಕ್ಕೆ 1888ರವರೆಗೆ ಹಿಂದೆ ಹೋಗಬೇಕು ಎಂದು ಹೇಳಿದ್ದು ಸಿಗುತ್ತದೆ. ಆದ್ದರಿಂದ ಅವರ ಸಮರ್ಥನೆಗೆ ಸ್ವಲ್ಪ ಬೇರು ಇದೆ, ಅವರ ಆಗಿನ ಘೋಷಣೆ ಅದಕ್ಕಿಂತ ಎಷ್ಟೋ ಅಗಲವಾಗಿದ್ದರೂ. ಇನ್ನೊಬ್ಬ ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ ಅವರದು ಬೇರೆ ಕಥೆ. ಮುಂದೆ ರಿಪಬ್ಲಿಕನ್ ಅಧ್ಯಕ್ಷರೇ ಇದ್ದು, ಅವರ ಕೊನೆಯ ವರ್ಷದಲ್ಲಿ ಸ್ಥಾನ ಖಾಲಿಯಾದರೂ ಮುಂದಿನವರಿಗೇ ಬಿಡಬೇಕು, ನನ್ನ ಈ ಮಾತನ್ನು ನನ್ನ ವಿರುದ್ಧವೇ ಬಳಸಿ ಎಂಬ ಅರ್ಥದಲ್ಲಿ ಅವರು 2016ರ ಮಾರ್ಚ್‌ನಲ್ಲಿ ಹೇಳಿದ್ದರು. 2020ರಲ್ಲಿ ಬ್ಯಾರೆಟ್ ವಿಚಾರಣೆ ನಡೆಸಿದ ಸಮಿತಿಯ ಅಧ್ಯಕ್ಷರು ಅವರೇ. ಪಕ್ಷ ಬೇರೆ ಬೇರೆ ಇತ್ತು ಎಂಬ ವ್ಯತ್ಯಾಸ ಗ್ರಹಾಂ ಅವರನ್ನು ಕಾಯುವುದಿಲ್ಲ. ಒಂದೇ ಪಕ್ಷ, ಒಂದೇ ಮತ, ಆದರೆ ಇಬ್ಬರ ಮೇಲಿನ ತೀರ್ಪು ಬೇರೆ. ವಿದ್ಯಾರ್ಥಿಗಳು ಈ ಸೂಕ್ಷ್ಮ ಹಿಡಿದರೆ ಆ ದಿನದ ಶ್ರಮ ಸಾರ್ಥಕ.

ಈಗ ಇನ್ನೊಂದು ಮಗ್ಗುಲು. 2016ರಲ್ಲಿ ವಿಚಾರಣೆ ನಡೆಸುವುದು ಸೆನೆಟ್‌ನ ಸಾಂವಿಧಾನಿಕ ಕರ್ತವ್ಯ ಎಂದ ಡೆಮಾಕ್ರಟರು 2020ರಲ್ಲಿ ಚುನಾವಣೆ ಮುಗಿಯಲಿ ಎಂದರು. ಅವರ ಸಮರ್ಥನೆ: "ನಿಯಮ ಮಾಡಿದ್ದು ನೀವು, ನೀವೇ ಪಾಲಿಸಿ." ಎದುರಾಳಿಯನ್ನು ಅವನದೇ ನಿಯಮದಿಂದ ಕಟ್ಟುವುದು ನ್ಯಾಯವಾದ ವಾದವೇ. ಆದರೆ ಅದು ನನ್ನ ನಿಯಮ ಏನು ಎಂಬುದಕ್ಕೆ ಉತ್ತರ ಅಲ್ಲ. "ನಿಮ್ಮ ನಿಯಮದ ಪ್ರಕಾರ" ಎಂದು ಶುರು ಮಾಡಿದವರಿಗೆ "ನಿಮ್ಮ ಸ್ವಂತ ನಿಯಮದ ಪ್ರಕಾರ?" ಎಂದು ಕೂಡಲೇ ಕೇಳುವ ಅಭ್ಯಾಸ ಮಾಡಿಸಿ. ಬೈಡನ್ ಕೂಡ 1992ರ ಜೂನ್‌ನಲ್ಲಿ, ಸೆನೆಟ್ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿದ್ದಾಗ, ಸ್ಥಾನ ಖಾಲಿಯಾದರೆ ಚುನಾವಣೆ ಮುಗಿಯುವವರೆಗೆ ಹೆಸರು ಸೂಚಿಸಬಾರದು ಎಂದು ರಿಪಬ್ಲಿಕನ್ ಅಧ್ಯಕ್ಷರಿಗೆ ಹೇಳಿದ್ದರು. ಆಗ ಸ್ಥಾನ ಖಾಲಿಯಾಗಲಿಲ್ಲ, ಮಾತು ಮಾತಾಗಿಯೇ ಉಳಿಯಿತು. ಅದನ್ನು ಎಷ್ಟು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಒಳ್ಳೆಯ ಚರ್ಚೆಗೆ ವಸ್ತು.

ಕಲ್ಲು ಬದಲಿಸದವರನ್ನೂ ತೋರಿಸಬೇಕು, ಇಲ್ಲದಿದ್ದರೆ ಹುಡುಗರು ಕಹಿಯಾಗಿ ಮನೆಗೆ ಹೋಗುತ್ತಾರೆ. ಮೇನ್ ರಾಜ್ಯದ ರಿಪಬ್ಲಿಕನ್ ಸೂಸನ್ ಕಾಲಿನ್ಸ್ 2016ರಲ್ಲಿ ಗಾರ್ಲಂಡ್‌ಗೆ ವಿಚಾರಣೆ ಆಗಬೇಕು ಎಂದಿದ್ದರು, ಅದಾಗಲಿಲ್ಲ. 2020ರಲ್ಲಿ ಅದೇ ಮಾನದಂಡ ಈಗಲೂ ಇರಲಿ ಎಂದು ಬ್ಯಾರೆಟ್ ವಿರುದ್ಧ ಮತ ಹಾಕಿದರು. ಅವರ ಪಕ್ಷದಲ್ಲಿ ಹಾಗೆ ಹಾಕಿದವರು ಅವರೊಬ್ಬರೇ.

ಉಳಿದ ಮೂರು ಪ್ರಕರಣ

ಫಿಲಿಬಸ್ಟರ್, ಅಂದರೆ ಚರ್ಚೆ ಮುಗಿಯಗೊಡದೆ ಮತದಾನ ತಡೆಯುವ ತಂತ್ರ, ಇದರ ಬಗ್ಗೆ ಹೆಚ್ಚು ಹೊತ್ತು ಬೇಡ. ಚರ್ಚೆ ಮುಗಿಸಿ ಮತಕ್ಕೆ ಹಾಕಲು ಸೆನೆಟ್‌ನಲ್ಲಿ 60 ಮತ ಬೇಕು ಎಂಬ ಪದ್ಧತಿಯಿಂದ ಅಲ್ಪಮತದವರು ನೇಮಕ ತಡೆಯಬಹುದಿತ್ತು. 2005ರಲ್ಲಿ ರಿಪಬ್ಲಿಕನ್ನರು ನ್ಯಾಯಾಧೀಶರ ನೇಮಕದ ಮಟ್ಟಿಗೆ ಇದನ್ನು ಮುರಿಯುತ್ತೇವೆಂದು ಹೆದರಿಸಿದಾಗ ಡೆಮಾಕ್ರಟರು ಸೆನೆಟ್ ಹಾಳಾಗುತ್ತದೆ ಎಂದರು. ಎರಡೂ ಪಕ್ಷದ ಏಳೇಳು ಮಂದಿ ಒಂದಾಗಿ ಅದನ್ನು ತಪ್ಪಿಸಿದರು. 2013ರ ನವೆಂಬರ್ 21ರಂದು ಹ್ಯಾರಿ ರೀಡ್ ನಾಯಕತ್ವದ ಡೆಮಾಕ್ರಟರೇ ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ನೇಮಕಗಳಿಗೆ ಅದನ್ನು ಮುರಿದರು, ಆಗ ಹಾಳಾಯಿತು ಎಂದವರು ರಿಪಬ್ಲಿಕನ್ನರು. 2017ರ ಏಪ್ರಿಲ್ 6ರಂದು ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿಗೂ ಮುರಿದರು. 2013ರಲ್ಲಿ ತಮ್ಮ ಪಕ್ಷದ ವಿರುದ್ಧ ಮತ ಹಾಕಿದ ಮಿಶಿಗನ್‌ನ ಡೆಮಾಕ್ರಟ್ ಕಾರ್ಲ್ ಲೆವಿನ್ ಹೆಸರನ್ನು ಕಾರ್ಡಿನ ಹಿಂದೆ ಬರೆದಿಡಿ.

ಕ್ಷೇತ್ರದ ಗಡಿ ತಿರುಚುವುದು ನಮ್ಮವರಿಗೆ ಬೇಗ ತಲೆಗೆ ಹೋಗುತ್ತದೆ, ತಾಲೂಕು ಪಂಚಾಯಿತಿ ಕ್ಷೇತ್ರಗಳ ಗಡಿ, ಮೀಸಲಾತಿ ಪಟ್ಟಿಯ ಗಲಾಟೆ ನೋಡಿದವರೇ ಎಲ್ಲ. 2019ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ 5-4ರಿಂದ, ಪಕ್ಷದ ಲಾಭಕ್ಕೆ ಗಡಿ ಎಳೆದರೆ ಫೆಡರಲ್ ಕೋರ್ಟುಗಳು ಕೈ ಹಾಕುವಂತಿಲ್ಲ ಎಂದಿತು. ಆ ತೀರ್ಪಿನಲ್ಲಿ ಎರಡು ರಾಜ್ಯದ ನಕಾಶೆ ಒಟ್ಟಿಗೇ ಇದ್ದವು: ಉತ್ತರ ಕೆರೊಲಿನಾದ್ದು ರಿಪಬ್ಲಿಕನ್ನರು ಎಳೆದದ್ದು, ಮೇರಿಲ್ಯಾಂಡಿನದು ಡೆಮಾಕ್ರಟರು ಎಳೆದದ್ದು. 2025ರಲ್ಲಿ ಟೆಕ್ಸಾಸ್ ಶಾಸನಸಭೆ ಜನಗಣತಿಗೆ ಕಾಯದೆ ರಿಪಬ್ಲಿಕನ್ನರಿಗೆ ಐದು ಸ್ಥಾನ ಹೆಚ್ಚು ಸಿಗುವಂತೆ ಗಡಿ ಮತ್ತೆ ಎಳೆಯಿತು. ಸ್ವತಂತ್ರ ಆಯೋಗಕ್ಕೆ ಆ ಕೆಲಸ ಒಪ್ಪಿಸಿ ಹೆಮ್ಮೆಪಡುತ್ತಿದ್ದ ಕ್ಯಾಲಿಫೋರ್ನಿಯಾ, ಅದಕ್ಕೆ ಉತ್ತರವಾಗಿ ಆಯೋಗದ ನಕಾಶೆಯನ್ನು ತಾತ್ಕಾಲಿಕವಾಗಿ ಬದಿಗಿಟ್ಟು ಡೆಮಾಕ್ರಟರ ನಕಾಶೆಯನ್ನು ನವೆಂಬರ್ 4ರ ಮತದಾನದಲ್ಲಿ ಒಪ್ಪಿತು. ಒಂದು ಕಡೆ ಶಾಸಕರ ತೀರ್ಮಾನ, ಇನ್ನೊಂದು ಕಡೆ ಜನರ ಮತ. ಈ ವ್ಯತ್ಯಾಸಕ್ಕೆ ತೂಕ ಇದೆಯೇ, ಮೊದಲು ಹೊಡೆದವನಿಗೂ ತಿರುಗಿ ಹೊಡೆದವನಿಗೂ ಒಂದೇ ತೀರ್ಪೇ ಎಂಬುದನ್ನು ಎ4 ಹಾಳೆಯಲ್ಲಿ ಬರೆಸಿ, ಆಮೇಲೆ ಮಾತಾಡಿಸಿ.

ನಾಲ್ಕನೆಯ ಪ್ರಕರಣ ಪರೀಕ್ಷೆಗೆಂದೇ ಇಟ್ಟದ್ದು. ರಹಸ್ಯ ಕಡತಗಳನ್ನು ಮನೆಯಲ್ಲಿ, ಕಚೇರಿಯಲ್ಲಿ ಇಟ್ಟುಕೊಂಡ ಆರೋಪ ಟ್ರಂಪ್ ಮೇಲೂ ಬಂತು, ಬೈಡನ್ ಮೇಲೂ ಬಂತು. "ಇಬ್ಬರೂ ಅದೇ ಮಾಡಿದ್ರು, ಒಬ್ಬರ ಮೇಲೇ ಕೇಸ್ ಯಾಕ್ರಿ ಸರ?" ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಹಲಗೆಯಲ್ಲಿ ಎರಡು ಕಂಬ ಎಳೆಯಿರಿ. ಬೈಡನ್ ವಕೀಲರು 2022ರ ನವೆಂಬರ್‌ನಲ್ಲಿ ಕಡತ ಸಿಕ್ಕ ಕೂಡಲೇ ರಾಷ್ಟ್ರೀಯ ಪತ್ರಾಗಾರಕ್ಕೆ ತಿಳಿಸಿದರು. ಸಾರ್ವಜನಿಕರಿಗೆ ಗೊತ್ತಾದದ್ದು ಮಾತ್ರ 2023ರ ಜನವರಿಯಲ್ಲಿ, ನಡುವೆ ಮಧ್ಯಾವಧಿ ಚುನಾವಣೆ ಮುಗಿದಿತ್ತು. ಟ್ರಂಪ್ ಕಡೆಯಿಂದ 2022ರ ಜನವರಿಯಲ್ಲಿ 15 ಪೆಟ್ಟಿಗೆ ವಾಪಸ್ ಬಂದವು, ಮೇ ತಿಂಗಳಲ್ಲಿ ಉಳಿದದ್ದಕ್ಕೆ ಕೋರ್ಟಿನ ಸಮನ್ಸ್ ಹೋಯಿತು, ಆಗಸ್ಟ್ 8ರಂದು ಶೋಧ ನಡೆದಾಗ 100ಕ್ಕೂ ಹೆಚ್ಚು ರಹಸ್ಯ ಗುರುತಿನ ಕಡತ ಸಿಕ್ಕವು. 2023ರ ಮೊಕದ್ದಮೆಯಲ್ಲಿ ಇಟ್ಟುಕೊಂಡ ಆರೋಪದ ಜೊತೆ ಮರಳಿ ಪಡೆಯಲು ಅಡ್ಡಿ ಮಾಡಿದ ಆರೋಪವೂ ಇತ್ತು. ಅದನ್ನು 2024ರ ಜುಲೈನಲ್ಲಿ ನ್ಯಾಯಾಧೀಶರು ವಜಾ ಮಾಡಿದರು, ವಿಶೇಷ ವಕೀಲರ ನೇಮಕವೇ ಸಂವಿಧಾನಬದ್ಧವಲ್ಲ ಎಂಬ ಕಾರಣಕ್ಕೆ. ಬೈಡನ್ ಮೇಲೆ ತನಿಖೆ ನಡೆಸಿದ ರಾಬರ್ಟ್ ಹರ್ ಮೊಕದ್ದಮೆ ಬೇಡ ಎಂದು ವರದಿ ಕೊಟ್ಟರು. ಎರಡು ಕಂಬದಲ್ಲಿ ಸಮ ಇರುವ ಸಾಲು ಯಾವುದು, ಬೇರೆ ಇರುವ ಸಾಲು ಯಾವುದು ಎಂದು ಗುರುತು ಹಾಕಿಸಿ. "ಎಲ್ಲರೂ ಒಂದೇ" ಎಂಬ ಸೋಮಾರಿತನಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಎರಡು ಗಂಟೆಯ ಹಂಚಿಕೆ

ಮೊದಲ 15 ನಿಮಿಷ ನಾಲ್ಕು ಸಂಗತಿಗಳ ವಿವರಣೆ. ಮುಂದಿನ 50 ನಿಮಿಷ ನ್ಯಾಯಾಧೀಶರ ಸ್ಥಾನ. 5 ನಿಮಿಷ ನೀರು, ಚಹಾ. ಫಿಲಿಬಸ್ಟರ್ 10 ನಿಮಿಷ, ಗಡಿ 15, ಕಡತ 15. ಕೊನೆಯ 10 ನಿಮಿಷ ಹಾಳೆಗಳನ್ನು ಮತ್ತೆ ನೋಡಲು. ಹೊತ್ತು ಸಾಲದೆ ಬಂದರೆ ಫಿಲಿಬಸ್ಟರ್ ಬಿಡಿ, ಕಡತದ ಕಾರ್ಡು ಬಿಡಬೇಡಿ.

ಅಂಕ ಕೊಡುವುದಾದರೆ 10ಕ್ಕೆ ಕೊಡಿ. ನಿಯಮವನ್ನು ಸ್ಪಷ್ಟವಾಗಿ, ಮೊದಲೇ ಬರೆದದ್ದಕ್ಕೆ 3. ಎರಡೂ ಕಡೆ ಹಾಗೇ ಅನ್ವಯಿಸಿದ್ದಕ್ಕೆ 3. ಎದುರಿನವರ ಅತ್ಯುತ್ತಮ ಸಮರ್ಥನೆಯನ್ನು ಅವರೇ ಒಪ್ಪುವಂತೆ ಹೇಳಿದ್ದಕ್ಕೆ 2. ವ್ಯತ್ಯಾಸ ಹೇಳಿದರೆ ಅದರ ದಿನಾಂಕ ತೋರಿಸಿದ್ದಕ್ಕೆ 2. ಯಾರನ್ನಾದರೂ "ಸಿಕ್ಕಿಬಿದ್ದ" ಎಂದು ಹಿಡಿದುಕೊಟ್ಟದ್ದಕ್ಕೆ ಅಂಕ ಇಲ್ಲ. ಅದಕ್ಕೆ ಅಂಕ ಇಟ್ಟರೆ ಇಡೀ ತರಗತಿ ಬೇಟೆಗೆ ಹೊರಡುತ್ತದೆ.

ಎಲ್ಲಿ ಕೆಡುತ್ತದೆ

ದೊಡ್ಡ ಕೆಡುಕು ಇದು: ಎದುರಾಳಿ ಇಬ್ಬಗೆಯವನು ಎಂದು ಸಾಬೀತಾದ ಕೂಡಲೇ ಅವನ ವಾದವೂ ಸೋತಿತು ಎಂದುಕೊಳ್ಳುವುದು. ಗ್ರಹಾಂ ಮಾತು ತಪ್ಪಿದರು ಎಂಬುದರಿಂದ ಚುನಾವಣಾ ವರ್ಷದಲ್ಲಿ ಸ್ಥಾನ ತುಂಬುವುದು ತಪ್ಪು ಎಂದು ಸಿದ್ಧವಾಗುವುದಿಲ್ಲ, ಸರಿ ಎಂದೂ ಆಗುವುದಿಲ್ಲ. ಎರಡು ನಡೆಯಲ್ಲಿ ಒಂದಾದರೂ ಅವರದೇ ಅಳತೆಯಲ್ಲಿ ತಪ್ಪು ಎಂದಷ್ಟೇ ಗೊತ್ತಾಗುತ್ತದೆ. ಯಾವುದು ತಪ್ಪು ಎಂಬುದಕ್ಕೆ ಬೇರೆ ವಾದವೇ ಬೇಕು. ಪ್ರತಿ ಪ್ರಕರಣದ ಕೊನೆಗೆ "ಹಾಗಾದರೆ ಸರಿಯಾದ ನಿಯಮ ಯಾವುದು?" ಎಂದು ಕೇಳದೆ ಮುಂದಿನ ಕಾರ್ಡಿಗೆ ಹೋಗಬೇಡಿ.

ಕತ್ತರಿಸಿದ ವಿಡಿಯೊ ಇನ್ನೊಂದು ತೊಂದರೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಹತ್ತು ಸೆಕೆಂಡಿನ ತುಣುಕಿನಲ್ಲಿ "ಆದರೆ" ಎಂಬ ಪದದ ಮುಂದಿನದು ಇರುವುದಿಲ್ಲ. ಹಿಂದೆ ಎರಡು ನಿಮಿಷ, ಮುಂದೆ ಎರಡು ನಿಮಿಷ ಕೇಳದೆ ತುಣುಕನ್ನು ಒಪ್ಪುವುದಿಲ್ಲ ಎಂದು ಹಲಗೆಯಲ್ಲೇ ಬರೆದಿಡಿ.

ಇನ್ನು, ನಾಯಕರನ್ನಷ್ಟೇ ದೂರುವುದು. ಅಮೆರಿಕದ ಪಿಆರ್‌ಆರ್‌ಐ ಎಂಬ ಸಮೀಕ್ಷಾ ಸಂಸ್ಥೆ, ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದವರು ಅಧಿಕಾರದಲ್ಲಿ ನೀತಿಯಿಂದ ನಡೆಯಬಲ್ಲರೇ ಎಂದು ಕೇಳಿದಾಗ, ಹೌದು ಎಂದ ಬಿಳಿಯ ಇವ್ಯಾಂಜೆಲಿಕಲ್ ಪ್ರಾಟೆಸ್ಟಂಟರು (ಬೈಬಲ್ ಮಾತಿಗೆ ಕಟ್ಟುಬಿದ್ದ ಕ್ರೈಸ್ತ ಪಂಗಡದವರು) 2011ರಲ್ಲಿ 30%, 2016ರಲ್ಲಿ 72%. ಆ ಐದು ವರ್ಷದಲ್ಲಿ ಧರ್ಮಗ್ರಂಥ ಬದಲಾಗಿರಲಿಲ್ಲ, ಅಭ್ಯರ್ಥಿ ಬದಲಾಗಿ ಟ್ರಂಪ್ ಬಂದಿದ್ದರು. ಇದು ಒಂದು ಗುಂಪಿನ ರೋಗವೂ ಅಲ್ಲ. ಮನಶ್ಶಾಸ್ತ್ರಜ್ಞ ಜೆಫ್ರಿ ಕೋಹೆನ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬಡವರ ನೆರವಿನ ಯೋಜನೆಗೆ ಯಾವ ಪಕ್ಷದ ಬೆಂಬಲ ಇದೆ ಎಂದು ಹೇಳುತ್ತಾರೋ ಅದರ ಮೇಲೆ ಉದಾರವಾದಿ ವಿದ್ಯಾರ್ಥಿಗಳೂ ಸಂಪ್ರದಾಯವಾದಿ ವಿದ್ಯಾರ್ಥಿಗಳೂ ಒಪ್ಪಿಗೆ ಬದಲಿಸಿದರು. ಕೇಳಿದರೆ ತಾವು ಯೋಜನೆಯ ಹುರುಳು ನೋಡಿಯೇ ತೀರ್ಮಾನಿಸಿದ್ದು ಎಂದರು. ಈ ಎರಡು ಸಂಗತಿ ಹೇಳಿದ ಮೇಲೆ ಕೋಣೆಯಲ್ಲಿ ಬೆರಳು ತೋರಿಸುವುದು ಕಡಿಮೆಯಾಗುತ್ತದೆ.

ಎರಡನೇ ವಾರ: ನಮ್ಮ ಮಣ್ಣಿಗೆ

ಮೊದಲ ವಾರವೇ ಇದಕ್ಕೆ ಕೈ ಹಾಕಬೇಡಿ. ಚುನಾವಣಾ ನೀತಿಸಂಹಿತೆ ಇರುವ ದಿನಗಳಲ್ಲಂತೂ ಬೇಡವೇ ಬೇಡ. ಶುರುವಿಗೆ ರಾಜ್ಯಪಾಲರ ಕಾರ್ಡು ಒಳ್ಳೆಯದು: "ಯಾರಿಗೂ ಬಹುಮತ ಇಲ್ಲ. ಮೊದಲು ಕರೆಯಬೇಕಾದ್ದು ಅತಿ ದೊಡ್ಡ ಪಕ್ಷವನ್ನೋ, ಚುನಾವಣೆ ನಂತರ ಕೂಡಿ ಸಂಖ್ಯೆ ತೋರಿಸಿದವರನ್ನೋ?" ನಿಯಮ ಬರೆಸಿದ ಮೇಲೆ 2017ರ ಗೋವಾ ತೆರೆಯಿರಿ: 40ರಲ್ಲಿ ಕಾಂಗ್ರೆಸ್ 17, ಬಿಜೆಪಿ 13, ಸರ್ಕಾರ ರಚಿಸಿದ್ದು ಬಿಜೆಪಿ ಮೈತ್ರಿ. ಆಮೇಲೆ 2018ರ ಕರ್ನಾಟಕ: ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಮೊದಲು ಕರೆ ಹೋದದ್ದು ಬಿಜೆಪಿಗೆ. ದೊಡ್ಡ ಪಕ್ಷಕ್ಕೆ ಕರೆ ಎಂಬ ನಿಯಮದಲ್ಲಿ ಗೋವಾ ಕಾಂಗ್ರೆಸ್ಸಿಗೆ, ಕರ್ನಾಟಕ ಬಿಜೆಪಿಗೆ. ಸಂಖ್ಯೆ ತೋರಿಸಿದವರಿಗೆ ಕರೆ ಎಂಬ ನಿಯಮದಲ್ಲಿ ಪೂರ್ತಿ ತಿರುವು. ಎರಡೂ ಪಕ್ಷಕ್ಕೆ ಎರಡೂ ರಾಜ್ಯ ಬೇಕಿತ್ತು.

ಇನ್ನೂ ಹತ್ತಿರ ಬರುವ ಧೈರ್ಯ ಇದ್ದರೆ ಮಸ್ಕಿ ಇದೆ. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲ ಬಿಜೆಪಿಯ ಬಸನಗೌಡ ತುರ್ವಿಹಾಳ ವಿರುದ್ಧ 213 ಮತದಿಂದ ಗೆದ್ದರು. 2021ರ ಉಪಚುನಾವಣೆಯಲ್ಲಿ ಅದೇ ಇಬ್ಬರು, ಪಕ್ಷ ಮಾತ್ರ ಅದಲು ಬದಲು, ಗೆದ್ದದ್ದು ತುರ್ವಿಹಾಳ. ಎರಡೂ ಚುನಾವಣೆಯ ಹೊತ್ತಿನ ಪತ್ರಿಕೆಗಳ ಜಿಲ್ಲಾ ಪುಟ ತೆಗೆಸಿ, ಪಕ್ಷಾಂತರದ ಬಗ್ಗೆ ಯಾವ ಪಕ್ಷ ಯಾವ ವರ್ಷ ಏನು ಹೇಳಿತು ಎಂದು ಎರಡು ಕಂಬದಲ್ಲಿ ಬರೆಸಿ. ಅಭ್ಯರ್ಥಿಗಳ ಜಾತಿ, ಮನೆತನದ ಮಾತು ಬಂದರೆ ಅಲ್ಲೇ ತಡೆಯಿರಿ.

ಕೋಹೆನ್ ಮಾದರಿಯ ಪ್ರಯೋಗ ಈ ವಾರ ಮಾತ್ರ ಫಲ ಕೊಡುತ್ತದೆ, ನಿಷ್ಠೆ ಇಲ್ಲದ ಕಡೆ ಅದು ನಡೆಯುವುದಿಲ್ಲ. ಒಂದು ಕಲ್ಪಿತ ನೀರಾವರಿ ಯೋಜನೆ ಬರೆದು ಅರ್ಧ ಜನರ ಹಾಳೆಯಲ್ಲಿ ಒಂದು ಪಕ್ಷದ ಹೆಸರು, ಇನ್ನರ್ಧಕ್ಕೆ ಇನ್ನೊಂದು ಹಾಕಿ, 10ಕ್ಕೆ ಅಂಕ ಕೊಡಲು ಹೇಳಿ. ಹಾಳೆಯಲ್ಲಿ ವಿದ್ಯಾರ್ಥಿಯ ಹೆಸರು ಬೇಡ, ತಮಗೆ ಹತ್ತಿರದ ಪಕ್ಷವನ್ನು ಮಾತ್ರ ಇಷ್ಟವಿದ್ದರೆ ಗುರುತು ಹಾಕಲಿ. ಸರಾಸರಿಯನ್ನು ಅವರ ಮುಂದೆಯೇ ಲೆಕ್ಕ ಹಾಕಿ, ಯೋಜನೆ ಕಲ್ಪಿತ ಎಂಬುದನ್ನು ಅದೇ ದಿನ, ಅದೇ ಕೋಣೆಯಲ್ಲಿ ಹೇಳಿಬಿಡಿ. ಹೇಳದೆ ಕಳಿಸಿದರೆ ಸಂಜೆಯೊಳಗೆ ಅದು ಊರ ಗ್ರೂಪಿನಲ್ಲಿ ಸುದ್ದಿಯಾಗಿರುತ್ತದೆ.

ಎರಡೂ ವಾರದ ನಿಯಮದ ಹಾಳೆಗಳನ್ನು ಲಕೋಟೆಯಲ್ಲಿ ಹಾಕಿ, ದಿನಾಂಕ ಬರೆದು, ವಿಭಾಗದ ಬೀರುವಿನಲ್ಲಿಡಿ. ರಾಜ್ಯದಲ್ಲೋ ಕೇಂದ್ರದಲ್ಲೋ ಸರ್ಕಾರ ಬದಲಾದ ಆರು ತಿಂಗಳಿಗೆ ಅದೇ ಬಳಗವನ್ನು ಕರೆದು ಪ್ರತಿಯೊಬ್ಬರ ಹಾಳೆ ಅವರವರ ಕೈಗೆ ಕೊಡಿ. ಪಕ್ಕದವರಿಗೆ ತೋರಿಸಲು ಒತ್ತಾಯ ಬೇಡ.